ನಳಿಗೆಯ ಮುಚ್ಚಿದ ತುದಿ

ದಿಲ್ಲಿಯ ಓಲ್ಡ್ ರಾಜಿಂದರ್ ನಗರದಲ್ಲಿ ಐಎಎಸ್ ಪರೀಕ್ಷೆಗೆ ಓದುತ್ತಿರುವ ಯಾರನ್ನಾದರೂ ನಿಲ್ಲಿಸಿ 1857 ಅಂದರೆ ಸಾಕು, ಉತ್ತರ ನಾಲಗೆಯ ತುದಿಯಲ್ಲೇ ಇರುತ್ತದೆ: ಎನ್‌ಫೀಲ್ಡ್ ಬಂದೂಕು, ದನದ ಕೊಬ್ಬು, ಹಂದಿಯ ಕೊಬ್ಬು, ಮಂಗಲ್ ಪಾಂಡೆ. ಬಡಾ ಬಜಾರ್ ಮಾರ್ಗದ ಜೆರಾಕ್ಸ್ ಅಂಗಡಿಗಳಲ್ಲಿ ಇಷ್ಟನ್ನು ನೂರು ಬಗೆಯಲ್ಲಿ ಬರೆದ ನೋಟ್ಸ್ ಕಟ್ಟುಗಟ್ಟಲೆ ಸಿಗುತ್ತವೆ. ಆ ಗಲ್ಲಿಗಳ ಪಿಜಿ ಕೋಣೆಗಳಲ್ಲಿ ಕರ್ನಾಟಕದ ಹುಡುಗ ಹುಡುಗಿಯರಿಗೂ ಕೊರತೆಯಿಲ್ಲ. ಅವರಿಗೆ ಬಂದೂಕಿನ ವಿಷಯದಲ್ಲಿ ಇನ್ನೆರಡು ಸಂಗತಿ ಹೆಚ್ಚಿಗೆ ಗೊತ್ತು. ಟಿಪ್ಪುವಿನ ರಾಕೆಟ್ಟು ಒಂದು, ಕೊಡವರ ಕೋವಿಗೆ ಆಯುಧ ಕಾಯ್ದೆಯಲ್ಲಿರುವ ವಿನಾಯಿತಿ ಇನ್ನೊಂದು. ಈ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಕ್ಕೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಪ್ರಚಲಿತ ವಿದ್ಯಮಾನದ ಪಟ್ಟಿಗೆ ಹೇಳಿಮಾಡಿಸಿದ ವಿಷಯ.

ತೋಟಾದ ತುದಿಯನ್ನು ಸಿಪಾಯಿಗಳು ಹಲ್ಲಿನಿಂದ ಕಚ್ಚಿ ಹರಿಯಬೇಕಿತ್ತು ಎಂದು ಎಲ್ಲರೂ ಬರೆಯುತ್ತಾರೆ. ಯಾಕೆ ಹರಿಯಬೇಕಿತ್ತು? ಒಳಗಿನ ಮದ್ದನ್ನು ನಳಿಗೆಯ ಬಾಯಿಗೆ ಸುರಿಯಲು. ಬಾಯಿಗೇ ಯಾಕೆ? ಹಿಂಬದಿ ಮುಚ್ಚಿತ್ತು. ಹೇಗೆ ಮುಚ್ಚಿತ್ತು? ಇಲ್ಲಿಗೆ ನೋಟ್ಸು ಮುಗಿಯುತ್ತದೆ. ಕೊಬ್ಬಿನ ವಿಷಯಕ್ಕೆ ಒಂದು ಸಾಮ್ರಾಜ್ಯ ಅಲುಗಾಡಿತು ನಿಜ. ಆದರೆ ಬಂದೂಕನ್ನು ಹಿಡಿದ ಸಿಪಾಯಿಯ ಮುಖಕ್ಕೂ ಒಳಗಿನ ಬೆಂಕಿಗೂ ನಡುವೆ ಇದ್ದದ್ದು ಹೆಬ್ಬೆರಳಿನ ಗಾತ್ರದ ಒಂದು ಕಬ್ಬಿಣದ ತುಂಡು. ಆ ತುಂಡಿನ ಕತೆ ಸುಮಾರು ಐದು ಶತಮಾನಗಳಷ್ಟು ಉದ್ದ, ಮತ್ತು ಇನ್ನೂ ಮುಗಿದಿಲ್ಲ.

ಇಂಗ್ಲಿಷಿನವರು ಅದನ್ನು ಬ್ರೀಚ್ ಪ್ಲಗ್ ಅನ್ನುತ್ತಾರೆ. ನಾನು ಬಿರಡೆ ಅನ್ನುತ್ತೇನೆ. ಮಲೆನಾಡಿನ ಮನೆಗಳಲ್ಲಿ ಬಾಗಿಲ ಹಿಂದೆ ನೇತುಹಾಕಿರುತ್ತಿದ್ದ ಕೇಪಿನ ಕೋವಿ ನೆನಪಿದ್ದವರಿಗೆ ವಿವರಿಸಬೇಕಾದ್ದು ಹೆಚ್ಚಿಲ್ಲ. ಬಾಯಿಯಿಂದ ಮದ್ದು ಸುರಿ, ಮೇಲೆ ಕತ್ತವೋ ಕಾಗದವೋ ತುರುಕಿ ಗಜದಿಂದ ಜಡಿ, ಚರೆಯನ್ನೋ ಗುಂಡನ್ನೋ ಹಾಕಿ ಮತ್ತೆ ಜಡಿ, ಹಿಂದಿನ ಮೊಳೆಗೆ ಕೇಪು ಕೂರಿಸಿ ಕುದುರೆ ಎತ್ತು. ರೈತರ ಬೆಳೆ ರಕ್ಷಣೆಯ ಲೈಸೆನ್ಸುಗಳಲ್ಲಿ ಈಗಲೂ ಎಸ್‌ಬಿಎಂಎಲ್ ಎಂಬ ನಾಲ್ಕಕ್ಷರ ಕಾಣುತ್ತದೆ. ಒಂಟಿ ನಳಿಗೆಯ, ಬಾಯಿಯಿಂದ ತುಂಬುವ ಕೋವಿ ಎಂದಷ್ಟೇ ಅದರ ಅರ್ಥ. ನಳಿಗೆಯನ್ನು ಹಿಡಿಯಿಂದ ಬಿಚ್ಚಿ ಹಿಂಬದಿ ನೋಡಿದರೆ ತಿರುಪು ಹಾಕಿ ಬಿಗಿದ ಬಿರಡೆ ಕಾಣಿಸುತ್ತದೆ. ಅದರ ಬಾಲವೇ ಹಿಡಿಯ ಮರದ ಮೇಲೆ ಚಾಚಿಕೊಂಡು ಸ್ಕ್ರೂ ಹಿಡಿಯಲು ಜಾಗ ಕೊಟ್ಟಿರುತ್ತದೆ.

ನಳಿಗೆಯ ಒಂದು ತುದಿಯನ್ನು ಮುಚ್ಚುವುದು ಅಂಥಾ ಏನು ಕಷ್ಟ ಅನ್ನಿಸಬಹುದು. ಫಿರಂಗಿಗೆ ಈ ಕಷ್ಟವಿರಲಿಲ್ಲ. ವಿಜಯಪುರದ ಮಲಿಕ್-ಎ-ಮೈದಾನ್ ತೋಪು 1549ರಲ್ಲಿ ಎರಕ ಹೊಯ್ದದ್ದು. ಮುಹಮ್ಮದ್ ಬಿನ್ ಹಸನ್ ರೂಮಿ ಅದನ್ನು ಅಚ್ಚಿನಲ್ಲಿ ಇಳಿಸುವಾಗಲೇ ಹಿಂಬದಿಯನ್ನು ಗಟ್ಟಿಯಾಗಿ ಬಿಟ್ಟಿದ್ದಾನೆ. ಅದಕ್ಕೆ ಬಿರಡೆಯೇ ಇಲ್ಲ, ಆದ್ದರಿಂದ ಬಿರಡೆ ಹಾರುವ ಪ್ರಶ್ನೆಯೂ ಇಲ್ಲ. ಕೈಬಂದೂಕಿನ ನಳಿಗೆ ಹಾಗಲ್ಲ. ಕಬ್ಬಿಣದ ಪಟ್ಟಿಯನ್ನು ಸಲಾಕೆಯ ಸುತ್ತ ಸುತ್ತಿ, ಕಾಯಿಸಿ, ಬಡಿದು ಬೆಸೆದ ಕೊಳವೆ ಅದು. ಸಲಾಕೆ ಎಳೆದುಕೊಂಡ ಮೇಲೆ ಎರಡೂ ಕಡೆ ತೂತು. ಎರಡೂ ಕಡೆ ತೆರೆದಿದ್ದರೇ ಒಳಮೈ ಕೊರೆಯಲು, ಕಣ್ಣಿಟ್ಟು ನೇರ ನೋಡಲು ಸಾಧ್ಯ. ಎಲ್ಲ ಕೆಲಸ ಮುಗಿದ ಮೇಲೆ ಒಂದು ಕಡೆಯನ್ನು ಮುಚ್ಚಬೇಕು, ಎಂದಾದರೂ ಬಿಚ್ಚಿ ಗಲೀಜು ತೆಗೆಯುವಂತೆಯೂ ಇರಬೇಕು.

ಇದು ಎಷ್ಟು ಕಷ್ಟ ಎಂಬುದಕ್ಕೆ ಜಪಾನಿನ ತಾನೆಗಾಶಿಮಾ ದ್ವೀಪದ ಸಾಕ್ಷಿಯಿದೆ. 1543ರಲ್ಲಿ ಅಲ್ಲಿಗೆ ಬಂದಿಳಿದ ಪೋರ್ಚುಗೀಸರ ಕೈಯಲ್ಲಿ ಬತ್ತಿಕೋವಿಗಳಿದ್ದವು. ದ್ವೀಪದ ಒಡೆಯ ತೊಕಿತಾಕ ಎರಡನ್ನು ಕೊಂಡ. ಅಂಥದ್ದೇ ಮಾಡಿಕೊಡು ಎಂದು ತನ್ನ ಕತ್ತಿಗಾರ ಕಮ್ಮಾರನಿಗೆ ಒಪ್ಪಿಸಿದ. ಜಗತ್ತಿನ ಅತ್ಯುತ್ತಮ ಕತ್ತಿಗಳನ್ನು ಬಡಿಯುವ ಪರಂಪರೆ ಅದು. ನಳಿಗೆ ಬಡಿಯುವುದು ಅವನಿಗೆ ಸಮಸ್ಯೆಯಾಗಲಿಲ್ಲ. ಹಿಂಬದಿ ಮುಚ್ಚುವುದು ಮಾತ್ರ ಹೇಗೆಂದು ಹೊಳೆಯಲಿಲ್ಲ. ಒಳತಿರುಪು ಕೊರೆಯುವುದನ್ನು ಅಲ್ಲಿನವರು ಕಂಡೇ ಇರಲಿಲ್ಲ. 1606ರಲ್ಲಿ ಬರೆದ ‘ತೆಪ್ಪೋಕಿ’ ಎಂಬ ವೃತ್ತಾಂತ ಇದನ್ನು ಮರೆಮಾಚದೆ ಹೇಳುತ್ತದೆ. ಮರುವರ್ಷ ಬಂದ ಹಡಗಿನಲ್ಲಿ ಒಬ್ಬ ಕಮ್ಮಾರನಿದ್ದ, ಅವನಿಂದ ತುದಿ ಮುಚ್ಚುವ ವಿದ್ಯೆ ಕಲಿತರು ಎಂದೂ ಹೇಳುತ್ತದೆ. ಆ ವಿದ್ಯೆಗಾಗಿ ಕಮ್ಮಾರ ತನ್ನ ಮಗಳು ವಕಾಸಾಳನ್ನೇ ಪರದೇಶಿಗೆ ಮದುವೆ ಮಾಡಿಕೊಟ್ಟನೆಂದು ದ್ವೀಪದಲ್ಲಿ ಐತಿಹ್ಯವಿದೆ. ಐತಿಹ್ಯ ಸುಳ್ಳೇ ಇರಲಿ, ಒಂದು ತಿರುಪಿನ ಬೆಲೆ ಎಷ್ಟೆಂದು ಆ ಊರಿನವರು ಅಳೆದ ರೀತಿ ಸುಳ್ಳಲ್ಲ.

ನಮ್ಮಲ್ಲಿಯೂ ತಿರುಪು ತಡವಾಗಿ ಬಂತು. ರಾಜಿಂದರ್ ನಗರದ ಅಭ್ಯರ್ಥಿಗಳು ಓದುವ ಮಧ್ಯಕಾಲೀನ ಭಾರತದ ಪಠ್ಯಗಳಲ್ಲಿ ಇದಕ್ಕೊಂದು ಪ್ಯಾರಾ ಇದೆ, ಸಾಮಾನ್ಯವಾಗಿ ಹಾರಿಸಿಬಿಡುವ ಪ್ಯಾರಾ. 17ನೇ ಶತಮಾನದ ಉತ್ತರಾರ್ಧದಲ್ಲಿ ಇಲ್ಲಿ ಸ್ಕ್ರೂ ಬಳಕೆಗೆ ಬಂದರೂ ಅದರ ಸುರುಳಿ ಗೀರುಗಳನ್ನು ಕೊರೆಯುತ್ತಿರಲಿಲ್ಲ. ಮೊಳೆಯ ಸುತ್ತ ತಂತಿ ಸುತ್ತಿ ಬೆಸುಗೆ ಹಾಕಿ ಸುರುಳಿಯ ರೂಪ ಕೊಡುತ್ತಿದ್ದರು. ತಿರುಪು ಕೊರೆಯುವ ಲೇತ್ ಇರಲಿಲ್ಲ, ಹಾಗಾಗಿ ಅದು ಸರಿಯಾಗಿ ಕಚ್ಚಿ ಕೂರುತ್ತಿರಲಿಲ್ಲ. ಗಡಿಯಾರದ ಮುಚ್ಚಳಕ್ಕೋ ಆಭರಣದ ಕೀಲಿಗೋ ಇಂಥ ಸ್ಕ್ರೂ ನಡೆದೀತು. ಬೆಂಕಿಗೆ ಎದುರಾಗಿ ಕೂರಿಸಲು ನಡೆಯದು. ತಂತಿಗೂ ಮೊಳೆಗೂ ನಡುವಿನ ಬೆಸುಗೆ ಮೊದಲ ಈಡಿಗೇ ಬಿಟ್ಟುಕೊಳ್ಳುತ್ತದೆ.

1857ರ ಎನ್‌ಫೀಲ್ಡಿಗೆ ಬರುವ ಹೊತ್ತಿಗೆ ಕಾಲ ಬದಲಾಗಿತ್ತು. ಹೆನ್ರಿ ಮಾಡ್‌ಸ್ಲಿ ತಿರುಪು ಕೊರೆಯುವ ಲೇತನ್ನು 1800ರ ಆಸುಪಾಸಿನಲ್ಲಿ ಸಿದ್ಧಗೊಳಿಸಿದ್ದ. 1841ರಲ್ಲಿ ಜೋಸೆಫ್ ವಿಟ್‌ವರ್ತ್ ದೇಶಕ್ಕೆಲ್ಲ ಒಂದೇ ಅಳತೆಯ ಥ್ರೆಡ್ ಇರಲಿ ಎಂದು ಸೂಚಿಸಿದ್ದ. .577 ಅಂಗುಲದ ಎನ್‌ಫೀಲ್ಡ್ ನಳಿಗೆಯ ಹಿಂಬದಿಯಲ್ಲಿ ಯಂತ್ರ ಕೊರೆದ ಬಿರಡೆ ಕೂತಿತ್ತು. ಓಲ್ಡ್ ರಾಜಿಂದರ್ ನಗರದ ಹುಡುಗರು ಕರೋಲ್‌ಬಾಗ್‌ನಲ್ಲಿ ಮೆಟ್ರೊ ಹತ್ತಿ, ರಾಜೀವ್ ಚೌಕದಲ್ಲಿ ಬದಲಿಸಿ ಕಶ್ಮೀರಿ ಗೇಟಿಗೆ ಹೋದರೆ ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ ಹಳೆಯ ಬ್ರಿಟಿಷ್ ಮದ್ದಿನಮನೆಯ ಬಾಗಿಲುಗಳು ಇವತ್ತಿಗೂ ನಿಂತಿವೆ. 1857ರ ಮೇ 11ರಂದು ಆ ಮದ್ದಿನಮನೆಯನ್ನು ಕಾವಲಿಗಿದ್ದ ಇಂಗ್ಲಿಷರೇ ಸ್ಫೋಟಿಸಿದರು. ಕರಿಮದ್ದನ್ನು ಬಯಲಲ್ಲಿ ಹರಡಿ ಕಿಡಿ ತಾಗಿಸಿದರೆ ಭುಸ್ಸೆಂದು ಉರಿದುಹೋಗುತ್ತದೆ, ಗೋಡೆಯ ನಡುವೆ ಕೂಡಿಹಾಕಿದರೆ ಗೋಡೆ ಹಾರುತ್ತದೆ. ಬಂದೂಕು ಅಂದರೆ ಒಂದೇ ಒಂದು ಗೋಡೆಯನ್ನು, ಅಂದರೆ ಗುಂಡನ್ನು, ಬೇಕೆಂದೇ ಸಡಿಲ ಬಿಟ್ಟ ಮದ್ದಿನಮನೆ. ಉಳಿದ ಗೋಡೆಗಳು ಅಲುಗಬಾರದು.

ಎಷ್ಟು ಬಲವನ್ನು ತಡೆಯಬೇಕು? ಲೆಕ್ಕ ಹಾಕುವುದು ಸುಲಭ. ಅರ್ಧ ಅಂಗುಲ, ಅಂದರೆ 12.7 ಮಿಲಿಮೀಟರ್ ಒಳವ್ಯಾಸದ ನಳಿಗೆ ತೆಗೆದುಕೊಳ್ಳೋಣ. ಒಳಗಿನ ವಿಸ್ತೀರ್ಣ ಸುಮಾರು 1.27 ಚದರ ಸೆಂಟಿಮೀಟರ್. ಕರಿಮದ್ದಿನ ಒತ್ತಡ ಅತಿ ಹೆಚ್ಚೆಂದರೆ ಚದರ ಸೆಂಟಿಮೀಟರಿಗೆ 1400 ಕಿಲೋ ಎಂದಿಟ್ಟುಕೊಂಡರೆ ಬಿರಡೆಯ ಮೇಲೆ ಬೀಳುವ ನೂಕು 1800 ಕಿಲೋ ಹತ್ತಿರ. ಇದೇ ನಳಿಗೆಯಲ್ಲಿ ಮುಂದೆ ಬಂದ ಹೊಗೆರಹಿತ ಮದ್ದು ಉರಿದು ಒತ್ತಡ ಇಮ್ಮಡಿಯಾದರೆ ಮೂರೂವರೆ ಟನ್. ಕೇಳಲು ಭಯವಾಗುತ್ತದೆ. ಆದರೆ ಮುಕ್ಕಾಲು ಅಂಗುಲ ವ್ಯಾಸದ, ಮುಕ್ಕಾಲು ಅಂಗುಲ ಉದ್ದಕ್ಕೆ ಥ್ರೆಡ್ ಇರುವ ಒಳ್ಳೆಯ ಉಕ್ಕಿನ ಬಿರಡೆಗೆ ಮೂರೂವರೆ ಟನ್ ಒಂದು ಹೊರೆಯೇ ಅಲ್ಲ. ಥ್ರೆಡ್ಡುಗಳು ಕತ್ತರಿಸಿ ಹೋಗಬೇಕಾದರೆ ಅದರ ಹಲವು ಪಟ್ಟು ಬೇಕು.

ಹೊರೆ ಹಂಚಿಕೆಯಲ್ಲಿ ಒಂದು ವಿಚಿತ್ರವಿದೆ. ಹತ್ತು ಸುತ್ತು ಥ್ರೆಡ್ ಇದ್ದರೆ ಹತ್ತೂ ಸಮವಾಗಿ ಹೊರುತ್ತವೆ ಅನ್ನುವುದು ನಮ್ಮ ಊಹೆ. ನಡೆಯುವುದು ತೇರೆಳೆಯುವಾಗಿನ ಹಾಗೆ: ಹಗ್ಗ ಹಿಡಿದವರು ನೂರು ಜನ, ಬೆನ್ನು ಬಗ್ಗಿಸಿ ಎಳೆಯುವವರು ಹತ್ತು ಜನ. ಒತ್ತಡ ಬೀಳುವ ಕಡೆಯ ಮೊದಲ ಸುತ್ತೇ ಒಟ್ಟು ಹೊರೆಯ ಮೂರನೇ ಒಂದು ಪಾಲಿನಷ್ಟನ್ನು ಹೊತ್ತುಬಿಡುತ್ತದೆ, ಎರಡನೆಯದು ಅದಕ್ಕಿಂತ ಕಡಿಮೆ, ಐದಾರು ಸುತ್ತು ದಾಟಿದ ಮೇಲೆ ಉಳಿದವು ಹೆಸರಿಗೆ ಮಾತ್ರ. ಹಾಗಾಗಿ ಬಿರಡೆಯನ್ನು ಎರಡು ಅಂಗುಲ ಉದ್ದ ಮಾಡಿದರೆ ಬಲ ಇಮ್ಮಡಿಯಾಗುವುದಿಲ್ಲ, ತೂಕ ಮಾತ್ರ ಆಗುತ್ತದೆ. ಅದಕ್ಕಿಂತ ಮೊದಲ ಸುತ್ತುಗಳು ಶುದ್ಧವಾಗಿ, ಪೂರ್ತಿ ಆಳಕ್ಕೆ ಕಚ್ಚಿಕೊಂಡಿವೆಯೇ ಎಂಬುದು ಮುಖ್ಯ. ಬಿಗಿಯಲು ಹೋಗಿ ಓರೆಯಾಗಿ ಹತ್ತಿಸಿದ ಬಿರಡೆ ಎಷ್ಟು ಉದ್ದವಿದ್ದರೂ ಪ್ರಯೋಜನವಿಲ್ಲ.

ಇನ್ನೊಂದು ಲೆಕ್ಕ ಹಾಕಿದರೆ ನಿಜವಾದ ಶತ್ರು ಕಾಣಿಸತೊಡಗುತ್ತಾನೆ. ಮೇಲಿನ ಮೂರೂವರೆ ಟನ್ ಅನ್ನುವುದು ಬಿಸಿಗಾಳಿ ಬಿರಡೆಯ ಮೂಗಿನಲ್ಲೇ, ಅಂದರೆ ಮುಂದಿನ ತುದಿಯಲ್ಲೇ, ನಿಂತಿದೆ ಎಂಬ ಭರವಸೆಯ ಮೇಲೆ ನಿಂತ ಅಂಕಿ. ಮೂಗಿನ ಸುತ್ತ ಕೂದಲೆಳೆಯ ಸಂದಿ ಇದ್ದು ಗಾಳಿ ಥ್ರೆಡ್ಡಿನೊಳಗೆ ನುಗ್ಗಿತು ಅನ್ನಿ. ಆಗ ಅದು ಒತ್ತುವುದು ನಳಿಗೆಯ 12.7 ಮಿಲಿಮೀಟರಿನ ವೃತ್ತವನ್ನಲ್ಲ, ಥ್ರೆಡ್ಡಿನ 19 ಮಿಲಿಮೀಟರಿನ ವೃತ್ತವನ್ನು. ವ್ಯಾಸ ಒಂದೂವರೆ ಪಟ್ಟು, ವಿಸ್ತೀರ್ಣ ಎರಡೂಕಾಲು ಪಟ್ಟು. ಮೂರೂವರೆ ಟನ್ ಇದ್ದದ್ದು ಕ್ಷಣಾರ್ಧದಲ್ಲಿ ಎಂಟು ಟನ್ ಆಗುತ್ತದೆ. ಜೊತೆಗೆ ಥ್ರೆಡ್ ಇರುವ ಭಾಗದಲ್ಲಿ ನಳಿಗೆಯ ಗೋಡೆಯೂ ತೆಳು. ಒಳ್ಳೆಯ ಬಿರಡೆಗಳಲ್ಲಿ ಆದ್ದರಿಂದ ಮೊದಲ ಕೆಲಸ ಥ್ರೆಡ್ಡಿನದಲ್ಲ, ಮೂಗಿನದು. ಮೂಗಿನ ಅಂಚು ನಳಿಗೆಯೊಳಗಿನ ಮೆಟ್ಟಿಲಿಗೆ ಸಂದಿಲ್ಲದಂತೆ ಒತ್ತಿ ಕೂರಬೇಕು. ಲೋಹಕ್ಕೆ ಲೋಹ ಮುದ್ರೆಯಾಗಬೇಕು. ಥ್ರೆಡ್ ಬರೀ ಕಾವಲುಗಾರ.

ಈಗಿನ ರೈಫಲ್ಲುಗಳಲ್ಲಿ ಈ ಮುದ್ರೆಯ ಕೆಲಸ ಮಾಡುವುದು ಹಿತ್ತಾಳೆ. ಅಗ್ಗದ, ತೆಳುವಾದ, ಒಮ್ಮೆ ಬಳಸಿ ಎಸೆಯುವ ಹಿತ್ತಾಳೆಯ ತೋಟಾ. ಮದ್ದು ಉರಿದಾಗ ಅದು ಉಬ್ಬಿ ನಳಿಗೆಯ ಗೋಡೆಗೆ ಅಂಟಿಕೊಂಡು ಗಾಳಿ ಹಿಂದೆ ಬರದಂತೆ ತಡೆಯುತ್ತದೆ, ಒತ್ತಡ ಇಳಿದ ಮೇಲೆ ಕೊಂಚ ಕುಗ್ಗಿ ಹೊರಬರುತ್ತದೆ. ಬಂದೂಕಿನ ಇತಿಹಾಸದಲ್ಲಿ ಇಷ್ಟು ಚೊಕ್ಕವಾದ ಪರಿಹಾರ ಮತ್ತೊಂದಿಲ್ಲ ಎಂದು ನನಗನ್ನಿಸುತ್ತದೆ. ಇದು ಸಿಕ್ಕಿದ್ದೇ ತಡ, 1866ರಿಂದ ಇಂಗ್ಲಿಷರು ಅದೇ ಎನ್‌ಫೀಲ್ಡ್ ನಳಿಗೆಗಳ ಹಿಂಬದಿಯನ್ನು ಕತ್ತರಿಸಿ ಕೀಲಿನ ಬಾಗಿಲು ಕೂರಿಸಿ ಸ್ನೈಡರ್ ಎಂದು ಕರೆದರು. ಕಚ್ಚುವ ತೋಟಾದ ಕಾಲ, ದಿಲ್ಲಿಯನ್ನು ಸುಟ್ಟ ಮೇಲೆ, ಒಂದು ದಶಕದೊಳಗೆ ಮುಗಿದುಹೋಯಿತು.

ಬಾಯಿಯಿಂದ ತುಂಬುವ ಕೋವಿಗೆ ಹಿತ್ತಾಳೆಯ ಸಹಾಯವಿಲ್ಲ. ಮುದ್ರೆಯೂ ಬಿರಡೆಯೇ, ಬಾಗಿಲೂ ಬಿರಡೆಯೇ. ಕರಿಮದ್ದಿನ ಕಾಲದಲ್ಲಿ ಇದನ್ನು ಹೇಗೋ ನಿಭಾಯಿಸಬಹುದಿತ್ತು. ಗಂಧಕ, ಇದ್ದಿಲು, ಪೆಟ್ಲುಪ್ಪು ಸೇರಿದ ಆ ಪುಡಿ ಸುಟ್ಟಾಗ ಅರ್ಧಕ್ಕಿಂತ ಹೆಚ್ಚು ಪಾಲು ಘನವಸ್ತುವಾಗಿ, ಬಿಳಿ ಹೊಗೆಯಾಗಿ, ನಳಿಗೆಯೊಳಗಿನ ಕಿಟ್ಟವಾಗಿ ಉಳಿಯುತ್ತದೆ. ಅರ್ಧದಷ್ಟೂ ಗಾಳಿಯಾಗುವುದಿಲ್ಲ. ಆ ಕಿಟ್ಟವೇ ಸಣ್ಣ ಸಂದಿಗಳಲ್ಲಿ ಹೋಗಿ ಕೂತು ಸೋರಿಕೆ ಮುಚ್ಚುವುದೂ ಉಂಟು. ಕರಿಮದ್ದಿನ ಇನ್ನೊಂದು ಗುಣ, ಅದು ಉರಿಯುವ ವೇಗ ಸುತ್ತಲಿನ ಒತ್ತಡಕ್ಕೆ ಅಷ್ಟಾಗಿ ಕೆರಳುವುದಿಲ್ಲ.

1884ರಲ್ಲಿ ಪ್ಯಾರಿಸ್ಸಿನ ಪಾಲ್ ವಿಯೆಯ್ ಹತ್ತಿಯನ್ನು ನೈಟ್ರಿಕ್ ಆಮ್ಲದಿಂದ ಬದಲಾಯಿಸಿ, ದ್ರಾವಕದಲ್ಲಿ ನಾದಿ, ಹಾಳೆಮಾಡಿ ಕತ್ತರಿಸಿದ ಹೊಸ ಮದ್ದು ತಂದ. ಅದು ಸುಟ್ಟರೆ ಹೆಚ್ಚುಕಡಿಮೆ ಎಲ್ಲವೂ ಗಾಳಿ. ಕಿಟ್ಟವಿಲ್ಲ, ಹೊಗೆ ಇಲ್ಲವೆನ್ನುವಷ್ಟು ಕಡಿಮೆ. ಎರಡೇ ವರ್ಷದಲ್ಲಿ ಫ್ರಾನ್ಸ್ ಲೆಬೆಲ್ ರೈಫಲ್ ಹೊರತಂದಿತು, ಉಳಿದ ಸೈನ್ಯಗಳೆಲ್ಲ ರಾತ್ರೋರಾತ್ರಿ ಹಳೆಯವಾದವು. ಆದರೆ ಈ ಮದ್ದಿಗೆ ಒಂದು ಕೆಟ್ಟ ಗುಣವಿದೆ: ಒತ್ತಡ ಏರಿದಂತೆ ಉರಿಯುವ ವೇಗವೂ ಏರುತ್ತದೆ, ವೇಗ ಏರಿದಂತೆ ಒತ್ತಡ ಮತ್ತೆ ಏರುತ್ತದೆ. ಗುಂಡು ಸರಿಯಾದ ಸಮಯಕ್ಕೆ ಮುಂದೆ ಸರಿದು ಜಾಗ ಕೊಟ್ಟರೆ ಈ ಓಟಕ್ಕೆ ಕಡಿವಾಣ ಬೀಳುತ್ತದೆ. ಜಾಗ ಕೊಡದಿದ್ದರೆ ನಳಿಗೆಯೇ ಜಾಗ ಕೊಡಬೇಕಾಗುತ್ತದೆ.

ಇಲ್ಲಿ ಒಂದು ಮಾತನ್ನು ನೇರವಾಗಿ ಹೇಳಿಬಿಡಬೇಕು. ಹಾಳಾದ ತೋಟಾ ಒಡೆದು ಅದರೊಳಗಿನ ಹೊಗೆರಹಿತ ಮದ್ದನ್ನು ಕೇಪಿನ ಕೋವಿಗೆ ಹಾಕುವುದು ಆತ್ಮಹತ್ಯೆ. ಸ್ವಲ್ಪವೇ ಹಾಕುತ್ತೇನೆ ಅನ್ನುವುದೂ ಆತ್ಮಹತ್ಯೆಯೇ. ಹಳೆಯ ಕೋವಿಯ ಲೋಹ, ಬೆಸುಗೆ, ಬಿರಡೆ, ಕೇಪಿನ ಮೊಳೆ ಯಾವುದೂ ಆ ಒತ್ತಡಕ್ಕೆ ಮಾಡಿದ್ದಲ್ಲ. ಹಾರುವುದು ಮುಂದಕ್ಕಲ್ಲ, ಕೋವಿ ಹಿಡಿದವನ ಕೆನ್ನೆ ಇರುವ ಕಡೆಗೆ.

ಹಾಗಿದ್ದೂ ಹೊಗೆರಹಿತ ಮದ್ದಿಗೆಂದೇ ಬಾಯಿಯಿಂದ ತುಂಬುವ ರೈಫಲ್ ಮಾಡಿದವರಿದ್ದಾರೆ. ಅದಕ್ಕೆ ಕಾರಣ ವಿಜ್ಞಾನವಲ್ಲ, ಕಾನೂನು. ಅಮೆರಿಕದ ಅನೇಕ ರಾಜ್ಯಗಳಲ್ಲಿ ಬಾಯಿಯಿಂದ ತುಂಬುವ ಕೋವಿಯವರಿಗೆ ಬೇರೆಯೇ ಬೇಟೆಯ ಋತು ಇದೆ. ಅಜ್ಜನ ಕಾಲದ ಆಯುಧದಿಂದ ಅಜ್ಜನ ಕಾಲದ ಕಷ್ಟದಲ್ಲಿ ಬೇಟೆಯಾಡಲಿ ಎಂಬುದು ಉದ್ದೇಶ. ಜಾಣ ಬೇಟೆಗಾರ ಕೇಳಿದ: ತುಂಬುವುದು ಬಾಯಿಯಿಂದಲೇ, ಮದ್ದು ಮಾತ್ರ ಹೊಸದಿದ್ದರೆ? ಉತ್ತರ ಕೆರೊಲಿನಾದ ಬಂದೂಕು ಕುಶಲಿ ಹೆನ್ರಿ ಬಾಲ್ ಇಂಥದ್ದೊಂದನ್ನು ರೂಪಿಸಿದ. ಸ್ಯಾವೇಜ್ ಕಂಪನಿ ಅದನ್ನು 2000ದ ಆಸುಪಾಸಿನಲ್ಲಿ 10ಎಂಎಲ್ ಎಂಬ ಹೆಸರಲ್ಲಿ ಮಾರಿತು, ಹತ್ತು ಚಿಲ್ಲರೆ ವರ್ಷಗಳ ನಂತರ ನಿಲ್ಲಿಸಿತು. ಈಗ ಸಣ್ಣಪುಟ್ಟ ಕಾರ್ಯಾಗಾರಗಳು ಈ ದಾರಿಯಲ್ಲಿವೆ. ಕೆಲವು ರಾಜ್ಯಗಳು ಇಂಥ ಕೋವಿಯನ್ನು ಒಪ್ಪುತ್ತವೆ, ಕೆಲವು ಸುತರಾಂ ಒಪ್ಪುವುದಿಲ್ಲ. ಬೇಟೆಯೇ 1972ರ ವನ್ಯಜೀವಿ ಕಾಯ್ದೆಯಿಂದ ನಿಷಿದ್ಧವಾಗಿರುವ ನಮ್ಮ ದೇಶದಲ್ಲಿ ಈ ತಕರಾರಿಗೆ ಅವಕಾಶವಿಲ್ಲ. ನನಗೆ ಈ ಕೋವಿಗಳ ಬಗ್ಗೆ ಮೋಹವೂ ಇಲ್ಲ. ಆದರೆ ಒಂದು ಪುಟ್ಟ ಲೋಹದ ತುಂಡಿನಿಂದ ಏನೇನು ಕೇಳಬಹುದು ಎಂಬುದಕ್ಕೆ ಅದಕ್ಕಿಂತ ಕಠಿಣ ಪರೀಕ್ಷೆ ಸಿಗುವುದು ಕಷ್ಟ.

ಇಂಥ ಬಿರಡೆಗಳು ಮುರಿದು ಹಾಳಾಗುವುದು ಬಹಳ ಅಪರೂಪ. ಅವು ಸವೆಯುತ್ತವೆ. ಸವೆಯುವುದು ಒಂದೇ ಕಡೆ.

ಬಿರಡೆ ಎಷ್ಟೇ ಭದ್ರವಾಗಿ ಮುಚ್ಚಿದರೂ ಅದರ ನಡುವೆ ಒಂದು ತೂತು ಬೇಕೇ ಬೇಕು. ಹಿಂದಿನ ಕೇಪಿನ ಕಿಡಿ ಮುಂದಿನ ಮದ್ದಿಗೆ ತಲುಪುವುದು ಅದರಿಂದಲೇ. ಹೊಸ ಬಿರಡೆಯಲ್ಲಿ ಅದರ ವ್ಯಾಸ ಸುಮಾರು ಮುಕ್ಕಾಲು ಮಿಲಿಮೀಟರ್. ಕಿಡಿ ಹೋದ ದಾರಿಯಲ್ಲೇ ಮರುಕ್ಷಣ ಬಿಸಿಗಾಳಿ ಹಿಂದೆ ನುಗ್ಗುತ್ತದೆ. ಒಂದು ಕಡೆ ಸಾವಿರಾರು ವಾಯುಭಾರಗಳ ಒತ್ತಡ, ಇನ್ನೊಂದು ಕಡೆ ಕೇಪಿನ ಪುಟ್ಟ ಗೂಡು. ಗೂಡು ತುಂಬುವವರೆಗೆ, ಆಮೇಲೆ ಸಂದಿ ಸಿಕ್ಕ ಕಡೆಯೆಲ್ಲ, ಆ ಗಾಳಿ ತೂತಿನ ಕತ್ತಿನಲ್ಲಿ ಶಬ್ದದ ವೇಗದಲ್ಲಿ ಹರಿಯುತ್ತದೆ. ನಮ್ಮ ಸುತ್ತಲಿನ ಗಾಳಿಯ ಶಬ್ದವೇಗವಲ್ಲ, ಕಾದ ಗಾಳಿಯ ಶಬ್ದವೇಗ. ಸೆಕೆಂಡಿಗೆ ಕಿಲೋಮೀಟರಿನ ಆಸುಪಾಸು. ಅದರ ಉಷ್ಣತೆ ಕಬ್ಬಿಣ ಕರಗುವ 1538 ಡಿಗ್ರಿ ಸೆಲ್ಸಿಯಸ್ಸನ್ನು ಬಹಳವೇ ಮೀರಿದ್ದು. ಕಬ್ಬಿಣ ಉಳಿಯುವುದು ಸಮಯದ ದೆಸೆಯಿಂದ. ಒಂದೆರಡು ಮಿಲಿಸೆಕೆಂಡಿನಲ್ಲಿ ಎಲ್ಲ ಮುಗಿಯುವುದರಿಂದ ಕಾವು ಮೇಲ್ಮೈಯ ಕೂದಲೆಳೆಯಷ್ಟು ಪದರಕ್ಕೆ ಮಾತ್ರ ಇಳಿಯುತ್ತದೆ. ಆ ಪದರ ಮೆತ್ತಗಾಗಿ ಕೊಂಚ ಕೊಚ್ಚಿಹೋಗುತ್ತದೆ. ಗಾಳಿಯೊಳಗಿನ ಇಂಗಾಲ ಅದರಲ್ಲಿ ಸೇರಿ ಪೆಡಸಾಗಿಸುತ್ತದೆ. ಕಾದು ತಣಿದು ಕಾದು ತಣಿದು ಬಲೆಯಂಥ ಬಿರುಕು ಮೂಡುತ್ತದೆ. ಮುಂದಿನ ಈಡಿಗೆ ಬಿರುಕಿನ ಅಂಚು ಉದುರುತ್ತದೆ.

ಮುಕ್ಕಾಲು ಮಿಲಿಮೀಟರ್ ಇದ್ದದ್ದು ಒಂದೂವರೆ ಮಿಲಿಮೀಟರ್ ಆದರೆ ನೋಡುವ ಕಣ್ಣಿಗೆ ವ್ಯತ್ಯಾಸವೇ ತಿಳಿಯದು. ಹರಿವು ನಾಲ್ಕು ಪಟ್ಟಾಗಿರುತ್ತದೆ. ಹಳೆಯ ಕೇಪಿನ ಕೋವಿಯಲ್ಲಿ ಇದರ ಲಕ್ಷಣ ಬಹಿರಂಗವಾಗಿಯೇ ಕಾಣುತ್ತದೆ: ಈಡು ಹಾರಿದ ಕೂಡಲೇ ಕುದುರೆ ತಾನಾಗಿ ಹಿಂದಕ್ಕೆ ಎದ್ದು ನಿಲ್ಲುತ್ತದೆ, ಕೇಪಿನ ಚೂರು ಹಣೆಗೆ ಸಿಡಿಯುತ್ತದೆ. ಕೋವಿಗೆ ಜೋರು ಬಂದಿದೆ ಎಂದು ಕೆಲವರು ಹೆಮ್ಮೆಪಡುವುದುಂಟು. ಬಂದಿರುವುದು ಜೋರಲ್ಲ, ಮೊಳೆಯ ತೂತು ದೊಡ್ಡದಾಗಿದೆ.

ಈ ಸವೆತವನ್ನು ಮೊದಲು ಅಳತೆಗೆ ಒಳಪಡಿಸಿದವರಲ್ಲಿ ಅದೇ ವಿಯೆಯ್ ಒಬ್ಬ. ಗಟ್ಟಿಯಾದ ಮುಚ್ಚಿದ ಪಾತ್ರೆಯಲ್ಲಿ ಮದ್ದು ಸುಟ್ಟು, ಗಾಳಿಯನ್ನು ತೂತಿರುವ ಒಂದು ಲೋಹದ ಬಿರಡೆಯ ಮೂಲಕ ಹೊರಬಿಟ್ಟು, ಬಿರಡೆ ಎಷ್ಟು ತೂಕ ಕಳೆದುಕೊಂಡಿತು ಎಂದು ತೂಗಿ ನೋಡುವ ಸರಳ ವಿಧಾನ. ತಾನು ಹುಟ್ಟಿಸಿದ ಮದ್ದು ಉಕ್ಕನ್ನು ಎಷ್ಟು ತಿನ್ನುತ್ತದೆಂದು ತಾನೇ ಲೆಕ್ಕ ಇಟ್ಟ. ಬಿಸಿ ಹೆಚ್ಚಿದ ಮದ್ದು ಹೆಚ್ಚು ತಿನ್ನುತ್ತದೆ ಎಂಬುದು ಇಂಥ ಪ್ರಯೋಗಗಳ ಸಾರ. ಅದೇ ಕಾಲಕ್ಕೆ ಇಂಗ್ಲಿಷರು ಯುದ್ಧಭೂಮಿಯಲ್ಲಿ ಇದನ್ನು ಕಲಿಯುತ್ತಿದ್ದರು. 1889ರಲ್ಲಿ ಬಂದ ಅವರ ಕಾರ್ಡೈಟ್ ಮದ್ದಿನಲ್ಲಿ ನೈಟ್ರೊಗ್ಲಿಸರಿನ್ 58 ಪಾಲು. ಭಾರಿ ಕಾವು. ನಳಿಗೆಗಳು ಬೇಗ ಬೇಗ ಸವೆದವು. ಬೋಯರ್ ಯುದ್ಧದ ಕೊನೆಯ ಹೊತ್ತಿಗೆ ನೈಟ್ರೊಗ್ಲಿಸರಿನ್ನನ್ನು 30 ಪಾಲಿಗೆ ಇಳಿಸಿದ ಹೊಸ ಕಾರ್ಡೈಟ್ ಬಂತು. ನಮ್ಮ ಗಡಿಯಾಚೆ ನೀಲಗಿರಿಯ ಅರುವಂಕಾಡಿನ ಕಾರ್ಡೈಟ್ ಕಾರ್ಖಾನೆ ಶುರುವಾದದ್ದು ಇದರ ಬೆನ್ನಿಗೇ, 1903-04ರ ಸುಮಾರಿಗೆ. ಗುಂಡ್ಲುಪೇಟೆ ದಾಟಿ ಊಟಿಗೆ ಹೋದವರು ಕೂನೂರಿನ ಪುಟಾಣಿ ರೈಲು ಹತ್ತಿದ್ದರೆ ಆ ಹೆಸರಿನ ನಿಲ್ದಾಣ ನೋಡಿರುತ್ತಾರೆ. ತಂಪು ಬೆಟ್ಟದ ಮೇಲೆ ಬಿಸಿಮದ್ದಿನ ಕಾರ್ಖಾನೆ ಇವತ್ತಿಗೂ ನಡೆಯುತ್ತಿದೆ.

ಟಿಪ್ಪುವಿನ ರಾಕೆಟ್ಟನ್ನು ಇಲ್ಲಿ ನೆನೆಯಬೇಕು. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನ ಹಳೆಯ ಬಾವಿಯೊಂದರಲ್ಲಿ ಸಾವಿರಕ್ಕೂ ಹೆಚ್ಚು ರಾಕೆಟ್ ಕೊಳವೆಗಳು ಸಿಕ್ಕವು. ಅದೂ ಒಂದು ತುದಿ ಮುಚ್ಚಿದ ಕಬ್ಬಿಣದ ಕೊಳವೆಯೇ, ಅದರಲ್ಲೂ ಕರಿಮದ್ದೇ. ವ್ಯತ್ಯಾಸವೆಂದರೆ ಬಂದೂಕಿನಲ್ಲಿ ಹಿಂದಿನ ತೂತಿನಿಂದ ಗಾಳಿ ಬರಲೇಬಾರದು, ರಾಕೆಟ್ಟಿನಲ್ಲಿ ಅದರಿಂದಲೇ ಬರಬೇಕು. ಆ ತೂತೂ ಉರಿಯುತ್ತ ಉರಿಯುತ್ತ ಹಿಗ್ಗುತ್ತದೆ. ರಾಕೆಟ್ಟು ಒಂದೇ ಸಲ ಹಾರುವ ವಸ್ತುವಾದ್ದರಿಂದ ಮೈಸೂರಿನ ಕಮ್ಮಾರ ಅದಕ್ಕೆ ತಲೆಕೆಡಿಸಿಕೊಳ್ಳಬೇಕಿರಲಿಲ್ಲ. ಸಾವಿರ ಸಲ ಹಾರಿಸಬೇಕಾದ ಕೋವಿಯವನಿಗೆ ಆ ಅನುಕೂಲವಿಲ್ಲ.

ಪರಿಹಾರ ಹಳೆಯದೇ. ಮ್ಯಾಂಟನ್‌ರಂಥ ಲಂಡನ್ನಿನ ಕುಶಲಿಗಳು 19ನೇ ಶತಮಾನದ ಆರಂಭದಲ್ಲಿಯೇ ಶ್ರೀಮಂತರ ಚಕಮಕಿ ಕೋವಿಗಳ ಕಿಡಿತೂತಿಗೆ ಪ್ಲಾಟಿನಂ ಒಳಪದರ ಕೊಡುತ್ತಿದ್ದರು. ಅದಕ್ಕೂ ಮೊದಲು ಚಿನ್ನ ಹಾಕುತ್ತಿದ್ದರು. ಚಿನ್ನ ಕಬ್ಬಿಣಕ್ಕಿಂತ ಬೇಗ ಕರಗುವ ಲೋಹ, ಆದರೆ ತುಕ್ಕು ಹಿಡಿಯುವುದಿಲ್ಲ. ಕರಿಮದ್ದಿನ ಕಾಲಕ್ಕೆ ಕಾವಿಗಿಂತ ತುಕ್ಕೇ ದೊಡ್ಡ ಭಯವಾಗಿತ್ತು. ಕಂಚಿನ ಫಿರಂಗಿಗಳ ಹಿಗ್ಗಿದ ಕಿವಿಗೆ, ಅಂದರೆ ಕಿಡಿತೂತಿಗೆ, ತಾಮ್ರದ ತೋಳು ಕೂರಿಸುವ ಪದ್ಧತಿಯೂ ಇತ್ತು. ಇಡೀ ತೋಪನ್ನು ಬದಲಿಸುವ ಬದಲು ಸವೆಯುವ ಜಾಗವನ್ನು ಮಾತ್ರ ಬದಲಿಸುವ ಈ ಜಾಣತನವೇ ಈಗಿನ ಹೊಗೆರಹಿತ ಕೋವಿಯ ಬಿರಡೆಯಲ್ಲೂ ಮುಂದುವರಿದಿದೆ. ಬಿರಡೆಯ ಮೂಗಿನಲ್ಲಿ ಸಣ್ಣ ಸ್ಕ್ರೂವಿನಂಥ ಬಿಡಿಭಾಗವಿರುತ್ತದೆ, ಕಿಡಿತೂತು ಇರುವುದು ಅದರಲ್ಲಿ. ಹಿಗ್ಗಿದಾಗ ಅಲೆನ್ ಕೀ ಹಾಕಿ ಅದನ್ನಷ್ಟೇ ಬಿಚ್ಚಿ ಹೊಸದು ಹಾಕುತ್ತಾರೆ. ಇನ್ನೂ ದುಬಾರಿ ಬಿರಡೆ ಮಾಡುವವರು ತೂತಿನ ಸುತ್ತ ಟಂಗ್‌ಸ್ಟನ್ ಕೂರಿಸುತ್ತಾರೆ. ಅದು ಕರಗುವುದು 3422 ಡಿಗ್ರಿಗೆ, ಹಾಗಾಗಿ ಉಕ್ಕಿಗಿಂತ ಎಷ್ಟೋ ಹೆಚ್ಚು ಈಡು ತಡೆಯುತ್ತದೆ. ಆದರೆ ಪೆಡಸು. ಉಕ್ಕು ಹಿಗ್ಗಿದಷ್ಟು ಅದು ಹಿಗ್ಗದು. ಹಿಡಿತ ಸಡಿಲಾದರೆ ಇಡೀ ತುಂಡೇ ಕಳಚಬಹುದು.

ಕಿಡಿತೂತನ್ನು ಮೊದಲಿನಿಂದಲೇ ತೀರಾ ಸಣ್ಣದು ಮಾಡಿದರೆ ಸವೆತ ತಡವಾಗಿ ಕಾಣಿಸೀತಲ್ಲ ಅನ್ನಬಹುದು. ಕಿಡಿ ಮದ್ದಿಗೆ ತಲುಪದೆ ಕೋವಿ ತಡವಾಗಿ ಹಾರುತ್ತದೆ, ಚಳಿಯಲ್ಲಿ ಹಾರುವುದೇ ಇಲ್ಲ. ಹೊಗೆರಹಿತ ಮದ್ದಿಗೆ ಬೆಂಕಿ ಹತ್ತಿಸುವುದು ಕರಿಮದ್ದಿಗೆ ಹತ್ತಿಸಿದಷ್ಟು ಸುಲಭವೂ ಅಲ್ಲ. ಮುಕ್ಕಾಲು ಮಿಲಿಮೀಟರ್ ಅನ್ನುವುದು ಈ ಎರಡು ತೊಂದರೆಗಳ ನಡುವಿನ ರಾಜಿ.

ತುಕ್ಕಿನ ವಿಷಯಕ್ಕೆ ಬಂದರೆ ನಮ್ಮ ಮಲೆನಾಡಿಗಿಂತ ಒಳ್ಳೆಯ ಪ್ರಯೋಗಶಾಲೆ ಬೇಕಿಲ್ಲ. ಕರಿಮದ್ದಿನ ಕಿಟ್ಟದಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಧಾರಾಳವಾಗಿರುತ್ತದೆ, ಗಾಳಿಯ ತೇವ ಹೀರಿ ತಾನೇ ನೀರಾಗುವ ಉಪ್ಪು ಅದು. ವರ್ಷಕ್ಕೆ ಏಳು ಮೀಟರ್ ಮಳೆ ಸುರಿಯುವ ಆಗುಂಬೆಯ ಕಡೆಯಾಗಲಿ, ಆಯುಧಪೂಜೆಯ ಹಬ್ಬವಾದ ಕೈಲ್ ಪೊಳ್ದ್ ಮುಗಿಸಿ ಕೋವಿ ತೊಳೆಯದೆ ಇಟ್ಟ ಕೊಡಗಿನ ಮನೆಯಲ್ಲಾಗಲಿ, ಈ ಉಪ್ಪು ಒಂದೇ ವಾರದಲ್ಲಿ ಬಿರಡೆಯ ಥ್ರೆಡ್ಡಿನ ಬೇರು ಹಿಡಿಯುತ್ತದೆ. ಹೊರಗಿನಿಂದ ನಳಿಗೆ ಎಣ್ಣೆ ಸವರಿ ಫಳಫಳ ಹೊಳೆಯುತ್ತಿದ್ದರೂ ಥ್ರೆಡ್ಡಿನ ಸಂದಿಗೆ ಎಣ್ಣೆ ಇಳಿದಿರುವುದಿಲ್ಲ. ಚುನಾವಣೆ ಬಂದಾಗಲೆಲ್ಲ ರೈತರು ಕೋವಿಗಳನ್ನು ಠಾಣೆಯಲ್ಲಿ ಒಪ್ಪಿಸಬೇಕಾಗುತ್ತದೆ. ಕಿಟ್ಟ ತೆಗೆಯದೆ ಒಪ್ಪಿಸಿದರೆ ತಿಂಗಳುಗಟ್ಟಲೆ ಅದು ಗೋಡೆಗೆ ಒರಗಿ ಒಳಗೊಳಗೇ ತಿಂದುಕೊಳ್ಳುತ್ತದೆ. ಒಪ್ಪಿಸುವ ಮುನ್ನ ಬಿಸಿನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ ಎಣ್ಣೆ ಹಾಕುವುದು ಹಳಬರ ಪದ್ಧತಿ. ರಸಾಯನಶಾಸ್ತ್ರವೂ ಅದನ್ನೇ ಹೇಳುತ್ತದೆ: ಆ ಉಪ್ಪು ಎಣ್ಣೆಯಲ್ಲಿ ಕರಗದು, ನೀರಿನಲ್ಲಿ ಮಾತ್ರ ಕರಗುತ್ತದೆ.

ಹೊಗೆರಹಿತ ಮದ್ದಿನಲ್ಲಿ ಈ ಉಪ್ಪಿಲ್ಲ, ಸ್ಟೇನ್‌ಲೆಸ್ ಉಕ್ಕಿನ ಬಿರಡೆಗೆ ತುಕ್ಕಿನ ಕಾಟ ಕಡಿಮೆ. ಬದಲಿಗೆ ಇನ್ನೊಂದು ಕಾಟ. ಸ್ಟೇನ್‌ಲೆಸ್ ನಳಿಗೆಯೊಳಗೆ ಸ್ಟೇನ್‌ಲೆಸ್ ಬಿರಡೆಯನ್ನು ಏನೂ ಹಚ್ಚದೆ ಬಿಗಿದರೆ ಉಜ್ಜಾಟದಲ್ಲಿ ಮೇಲಿನ ರಕ್ಷಕ ಪದರ ಹರಿದು ಎರಡೂ ಲೋಹ ಒಂದಕ್ಕೊಂದು ಅಂಟಿಕೊಂಡುಬಿಡುತ್ತವೆ. ವರ್ಕ್‌ಶಾಪಿನವರು ಜಾಮ್ ಆಯ್ತು ಅನ್ನುವುದು ಇದಕ್ಕೇ. ಬಲವಂತ ಮಾಡಿದರೆ ಥ್ರೆಡ್ಡೇ ಕಿತ್ತು ಬರುತ್ತದೆ, ಆಗ ಬಿರಡೆಯಲ್ಲ, ನಳಿಗೆಯೇ ಗುಜರಿಗೆ. ಆದ್ದರಿಂದ ನಿಕಲ್ ಅಥವಾ ಮಾಲಿಬ್ಡಿನಂ ಪುಡಿ ಬೆರೆಸಿದ ಗ್ರೀಸ್ ಹಚ್ಚದೆ ಬಿರಡೆ ಹಾಕುವಂತಿಲ್ಲ. ಮೂಗಿನ ಅಂಚಿಗೆ ಮಾತ್ರ ಗ್ರೀಸ್ ತಾಗಬಾರದು, ಅಲ್ಲಿ ಲೋಹವೇ ಲೋಹವನ್ನು ಒತ್ತಬೇಕು.

ಕಿಡಿತೂತು ಎಷ್ಟು ಹಿಗ್ಗಿದೆ ಎಂದು ತಿಳಿಯಲು ದುಬಾರಿ ಉಪಕರಣ ಬೇಡ. ಈ ಕೋವಿ ಬಳಸುವವರು ತೆಳು ಡ್ರಿಲ್ ಬಿಟ್ಟಿನ ನುಣುಪಾದ ಹಿಂಬದಿಯನ್ನು ತೂತಿಗೆ ಇಟ್ಟು ನೋಡುತ್ತಾರೆ. ಒಂದು ಅಳತೆಯದು ಇಳಿಯಬೇಕು, ಅದಕ್ಕಿಂತ ಒಂದು ಅಳತೆ ದೊಡ್ಡದು ಇಳಿಯಬಾರದು. ದೊಡ್ಡದೂ ಸಲೀಸಾಗಿ ಇಳಿದ ದಿನ ಒಳಗಿನ ತುಂಡನ್ನು ಬಿಚ್ಚಿ ಎಸೆದು ಹೊಸದು ಹಾಕುತ್ತಾರೆ, ಬಿರಡೆಯ ಉಳಿದ ಭಾಗ ಹಾಗೆಯೇ ಮುಂದುವರಿಯುತ್ತದೆ.